ಜಗತ್ ಸೇಠರ ಮನೆತನವೂ ಮುರ್ಷಿದಾಬಾದಿನ ಟಂಕಸಾಲೆಯೂ

ಪ್ಲಾಸಿಯ ಕಾಳಗದ ಮಾತು ಬಂದಲ್ಲೆಲ್ಲ ಜಗತ್ ಸೇಠನ ಹೆಸರು ದ್ರೋಹಿಗಳ ಸಾಲಿನಲ್ಲಿ ಕಾಣಿಸಿಕೊಂಡು ಅಷ್ಟರಲ್ಲಿಯೇ ಮರೆಯಾಗುವುದು. ಅದು ಒಬ್ಬನ ಹೆಸರಲ್ಲ, ಒಂದು ಮನೆತನದ ಬಿರುದು. ಆ ಮನೆತನದ ಬಲವು ಎಲ್ಲಿ ಅಡಗಿದ್ದಿತೆಂಬುದನ್ನು ವಿಚಾರಿಸದೆ ಅವರ ದ್ರೋಹದ ಸ್ವರೂಪವೂ ತಿಳಿಯಲಾರದು.

ಮಾರವಾಡದ ನಾಗೌರಿನ ಓಸವಾಳ ಜೈನನಾದ ಹೀರಾನಂದ ಸಾಹುವು 1652ರಲ್ಲಿ ಪಾಟ್ನಾಕ್ಕೆ ಬಂದು ಲೇವಾದೇವಿಗೆ ತೊಡಗಿದನೆಂದು ಐತಿಹ್ಯ. ಅವನ ಮಗನಾದ ಮಾಣಿಕಚಂದನು ಢಾಕಾದಲ್ಲಿ ದಿವಾನ ಮುರ್ಷಿದ್ ಕುಲಿ ಖಾನನ ವಿಶ್ವಾಸವನ್ನು ಸಂಪಾದಿಸಿದನು. 1704ರ ಸುಮಾರಿಗೆ ದಿವಾನನು ಕಚೇರಿಯನ್ನು ಭಾಗೀರಥಿಯ ದಡಕ್ಕೆ ಸಾಗಿಸಲು, ಸಾಹುಕಾರನೂ ಅವನನ್ನು ಹಿಂಬಾಲಿಸಿದನು. ಮಾಣಿಕಚಂದನ ಉತ್ತರಾಧಿಕಾರಿಯಾದ ಫತೇಚಂದನಿಗೆ ಮಹಮ್ಮದ್ ಷಾ ಬಾದಶಹನು ‘ಜಗತ್ ಸೇಠ’ನೆಂಬ ಬಿರುದನ್ನಿತ್ತನು.

ಸಾಮಾನ್ಯವಾಗಿ ಈ ಮನೆತನದ ವೈಭವಕ್ಕೆ ಅವರ ಅಪಾರ ಧನವನ್ನೇ ಕಾರಣವೆಂದು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಆ ಕಾಲದಲ್ಲಿ ಹೊಸದಾಗಿ ಅಚ್ಚಾದ ಸಿಕ್ಕಾ ರೂಪಾಯಿಗೆ ಮಾತ್ರ ಪೂರ್ಣವಾದ ಬೆಲೆ. ಎರಡು ಮೂರು ವರ್ಷಗಳು ಕಳೆದರೆ ಅದೇ ಬೆಳ್ಳಿ, ಅದೇ ತೂಕವಿದ್ದರೂ ಅದು ‘ಸನಾತ್’ ಎನಿಸಿಕೊಂಡು ವಟ್ಟಕ್ಕೆ ಗುರಿಯಾಗುವುದು. ಜಮೀನ್ದಾರರು ಕಂದಾಯವನ್ನು ಸಿಕ್ಕಾದಲ್ಲಿಯೇ ಸಲ್ಲಿಸಬೇಕು. ಹೀಗಿರಲು, ಹಳೆಯ ನಾಣ್ಯವನ್ನು ಕೊಂಡು ಪುನಃ ಅಚ್ಚುಹಾಕಿಸುವ ಅಧಿಕಾರವು ಯಾರ ಕೈಯಲ್ಲಿದೆಯೋ ಅವರಿಗೆ ನಾಡಿನ ಪ್ರತಿಯೊಂದು ಸುಗ್ಗಿಯೂ ಲಾಭವೇ ಸರಿ. ಆ ಅಧಿಕಾರವು ಸೇಠರದಾಗಿದ್ದಿತು. 1717ರಲ್ಲಿ ಫರುಖ್‌ಸಿಯರನಿಂದ ಫರ್ಮಾನನ್ನು ಪಡೆದು ಬಂದ ಇಂಗ್ಲಿಷ್ ಕಂಪೆನಿಗೂ ಮುರ್ಷಿದಾಬಾದಿನ ಟಂಕಸಾಲೆಯ ಬಾಗಿಲು ತೆರೆಯಲಿಲ್ಲ. ಅವರು ಹಡಗಿನಲ್ಲಿ ತಂದ ಬೆಳ್ಳಿಯನ್ನು ಸೇಠರಿಗೇ ಮಾರಬೇಕಾಯಿತು.

ಈ ಅಧಿಕಾರವು ನವಾಬನ ಅನುಗ್ರಹವನ್ನು ಅವಲಂಬಿಸಿದ್ದುದರಿಂದ, ನವಾಬನು ಯಾರಾಗಬೇಕೆಂಬ ವಿಷಯದಲ್ಲಿ ಸೇಠರು ಉದಾಸೀನರಾಗಿರುವಂತಿರಲಿಲ್ಲ. 1740ರಲ್ಲಿ ಸರ್ಫರಾಜನನ್ನು ಕೆಡಹಿ ಅಲಿವರ್ದಿ ಖಾನನು ಪಟ್ಟವೇರಿದುದರಲ್ಲಿ ಫತೇಚಂದನ ಕೈವಾಡವಿದ್ದಿತು. 1742ರಲ್ಲಿ ಮರಾಠರು ಅವನ ಕೋಠಿಯಿಂದ ಎರಡು ಕೋಟಿ ಆರ್ಕಾಟು ರೂಪಾಯಿಗಳನ್ನು ಸೂರೆಗೊಂಡರೆಂದು ಗುಲಾಮ್ ಹುಸೇನನು ಬರೆದಿರುವನು. ಅತಿಶಯೋಕ್ತಿಯಾದರೂ, ವ್ಯವಹಾರಕ್ಕೆ ಧಕ್ಕೆ ತಗಲಲಿಲ್ಲವೆಂಬುದು ಗಮನಾರ್ಹ. ಹಣವು ಹೋದರೂ ಟಂಕಸಾಲೆಯು ಉಳಿದಿದ್ದಿತಷ್ಟೆ!

1744ರಲ್ಲಿ ಫತೇಚಂದನು ತೀರಿಕೊಂಡ ಮೇಲೆ ಅವನ ಮೊಮ್ಮಕ್ಕಳಾದ ಮಹತಾಬರಾಯನೂ ಸ್ವರೂಪಚಂದನೂ ಮನೆತನದ ಭಾರವನ್ನು ಹೊತ್ತರು. ಸಿರಾಜುದ್ದೌಲನೊಡನೆ ಅವರಿಗೆ ವಿರಸವುಂಟಾಗಲು, 1740ರ ಹಳೆಯ ಉಪಾಯವನ್ನೇ ಮತ್ತೊಮ್ಮೆ ಹೂಡಿದರು. ಆದರೆ 1757ರ ಫೆಬ್ರವರಿಯ ಒಪ್ಪಂದದಿಂದಲೇ ಕಲ್ಕತ್ತೆಯಲ್ಲಿ ನಾಣ್ಯವನ್ನು ಅಚ್ಚುಹಾಕುವ ಹಕ್ಕು ಕಂಪೆನಿಗೆ ದೊರೆತಿದ್ದಿತು. ಸೇಠರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಜೂನ್ 23ರಂದು ಕಾಳಗವು ಮುಗಿಯಿತು. ಒಂದು ವಾರದ ಮೇಲೆ ಕ್ಲೈವನೂ ಮೀರ್ ಜಾಫರನೂ ಸೇಠನ ಮನೆಯಲ್ಲಿಯೇ ಕುಳಿತು ಕಂಪೆನಿಗೆ ಸಲ್ಲತಕ್ಕ ಹಣದ ಲೆಕ್ಕವನ್ನು ತೀರ್ಮಾನಿಸಿದರು: ಅರ್ಧ ಕೂಡಲೆ, ಉಳಿದುದು ಮೂರು ವರ್ಷಗಳ ಕಂತುಗಳಲ್ಲಿ.

1763ರಲ್ಲಿ ಮೀರ್ ಕಾಸಿಮನು ಮಹತಾಬರಾಯ, ಸ್ವರೂಪಚಂದರಿಬ್ಬರನ್ನೂ ಮುಂಗೇರಿಗೆ ಒಯ್ದು, ಅನಂತರ ಕೊಲ್ಲಿಸಿದನು. 1765ರಲ್ಲಿ ದಿವಾನಿಯು ಕಂಪೆನಿಯ ವಶವಾಯಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಖಜಾನೆಯನ್ನು ಕಲ್ಕತ್ತೆಗೆ ಸಾಗಿಸಿದಾಗ, ಅದರ ಹಿಂದೆ ಹೋಗುವುದಕ್ಕೆ ಸೇಠರ ಮನೆತನಕ್ಕೆ ಕಾರಣವೇ ಉಳಿದಿರಲಿಲ್ಲ.