ಹಿರಣ್ಯಕೇಶಿಯ ತವರಿಗೆ ಎರಡು ರೂಮು

ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗ ಹೋದ ವಾರ ಫೋನ್ ಮಾಡಿದ್ದ. ದೀಪಾವಳಿ ಸೂಟಿಯಲ್ಲಿ ಅಪ್ಪ, ಅವ್ವ, ಹೆಂಡತಿ, ಮಕ್ಕಳನ್ನು ಕಟ್ಟಿಕೊಂಡು ಐದು ದಿನ ಎಲ್ಲಾದರೂ ಹೋಗಬೇಕಂತೆ. ಮಳೆಕಾಡೂ ಇರಬೇಕು, ಸಮುದ್ರದಂಡೆಯೂ ಇರಬೇಕು. ಹೋಟೆಲ್ಲು ಚಲೋ ಇರಬೇಕು, ಆದರೆ ಕಾಡು ಕಡಿದು ಕಟ್ಟಿದ್ದಿರಬಾರದು. "ಕಾಕಾ, ಹನ್ನೊಂದು ಹೋಟೆಲ್ ತಗದ ಇಟ್ಟೇನಿ. ಎಲ್ಲಾವೂ ಇಕೋ ಅಂತನ ಬರಕೊಂಡಾವ. ನೀವು ಹಿಸ್ಟರಿ ಓದಿದಾವ್ರು, ಒಂದು ಆರಿಸಿ ಕೊಡ್ರಿ" ಅಂದ.

ಹಿಸ್ಟರಿಗೂ ಹೋಟೆಲ್ಲಿಗೂ ಏನು ಸಂಬಂಧ ಅಂತ ನಾನೂ ಮೊದಲು ನಕ್ಕೆ. ಆಮೇಲೆ ಅವನು ಕಳಿಸಿದ ಪಟ್ಟಿ ನೋಡುತ್ತ ಕೂತಾಗ ನಗು ಹೋಯಿತು. ಕೇರಳದ ಎರಡು, ಕೊಡಗಿನ ಮೂರು, ಕಬಿನಿಯ ಒಂದು, ದಾಂಡೇಲಿಯ ಒಂದು, ಗೋಕರ್ಣದ ಓಂ ಬೀಚಿನ ಮೇಲಿನ ಗುಡ್ಡದ್ದೊಂದು, ಕಾರವಾರದ ದೇವಬಾಗದ್ದೊಂದು, ಅಂಡಮಾನಿನ ಎರಡು. ಇಷ್ಟು ದೂರ ದೂರ ಹುಡುಕಿದ ಹುಡುಗನಿಗೆ ತನ್ನ ಊರಿನ ನಳದಲ್ಲಿ ಬರುವ ನೀರು ಎಲ್ಲಿಂದ ಬರ್ತದ ಅನ್ನೋದು ಹೊಳೆದಿರಲಿಲ್ಲ.

ಹುಕ್ಕೇರಿ ಬಯಲುಸೀಮೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಆದರೆ ನಮ್ಮ ತಾಲೂಕಿನ ಎರಡೂ ಹೊಳೆಗಳು ಮಳೆಕಾಡಿನ ಮಕ್ಕಳು. ಸಂಕೇಶ್ವರದ ಮಗ್ಗುಲಲ್ಲಿ ಹರಿಯುವ ಹಿರಣ್ಯಕೇಶಿ ಹುಟ್ಟೋದು ಆಂಬೋಲಿಯ ಒಂದು ಗವಿಯೊಳಗೆ. ಅಲ್ಲೇ ಒಂದು ಶಿವನ ಗುಡಿ ಇದೆ. ಘಟಪ್ರಭೆ ಹುಟ್ಟೋದೂ ಅದೇ ಸಹ್ಯಾದ್ರಿಯ ಏಣಿನಲ್ಲಿ. ಆಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಬೀಳೋದು ಅದರ ಹತ್ತನೇ ಒಂದು ಪಾಲಿನಷ್ಟು. ಸಂಕೇಶ್ವರ ಬಿಟ್ಟು ಗಡಹಿಂಗ್ಲಜ, ಆಜರಾ ದಾಟಿ ಎರಡು ತಾಸು ಗಾಡಿ ಓಡಿಸಿದರೆ ಕಬ್ಬಿನ ಗದ್ದೆಯಿಂದ ನೇರ ಮಂಜಿನೊಳಗೆ ಹೋಗಿ ನಿಲ್ಲಬಹುದು. ಘಾಟು ಇಳಿದರೆ ಸಾವಂತವಾಡಿ, ಅದರಾಚೆ ವೆಂಗುರ್ಲೆಯ ಸಮುದ್ರ. ಕಾಡೂ ಆಯಿತು, ದಂಡೆಯೂ ಆಯಿತು, ಒಂದೇ ರಸ್ತೆಯಲ್ಲಿ.

ಈ ದಾರಿಯಲ್ಲಿ ಸೂಟಿಗೆ ಹೋಗುವ ಚಟ ಹೊಸದೇನೂ ಅಲ್ಲ. ಬೆಳಗಾವಿಯಲ್ಲಿ ಇಂಗ್ರೇಜರ ದಂಡು ಕೂತಾಗಿನಿಂದ ಅವರಿಗೆ ವೆಂಗುರ್ಲೆಯೇ ಬಾಗಿಲು. 1812ರಲ್ಲಿ ಆ ಬಂದರು ಅವರ ಕೈಗೆ ಬಂತು. ಅದಕ್ಕೂ ಮೊದಲು, 17ನೇ ಶತಮಾನದಲ್ಲಿ, ಡಚ್ಚರು ಅಲ್ಲಿ ವಖಾರಿ ಕಟ್ಟಿದ್ದರು, ಅದರ ಹಾಳುಗೋಡೆ ಇವತ್ತಿಗೂ ನಿಂತಿದೆ. ಮುಂಬಯಿಯಿಂದ ಹಡಗಿನಲ್ಲಿ ಬಂದು ಇಳಿದ ಸಾಹೇಬ, ಮೇಮ್‌ಸಾಬ್, ಮದ್ದಿನ ಪೆಟ್ಟಿಗೆ, ಸಾರಾಯಿ ಬಾಟಲಿ ಎಲ್ಲವೂ ಎತ್ತಿನ ಗಾಡಿಯಲ್ಲಿ ಘಾಟು ಹತ್ತಬೇಕಿತ್ತು. ಮೊದಲು ರಾಮಘಾಟಿನ ಕಡಿದಾದ ದಾರಿ, ಆಮೇಲೆ ಆಂಬೋಲಿಯ ಮೇಲಿಂದ ಪಾರಪೋಲಿ ಘಾಟಿನ ಹೊಸ ರಸ್ತೆ. ರಸ್ತೆ ಆದಮೇಲೆ ಸಾವಂತವಾಡಿ ಸಂಸ್ಥಾನದ ಪೊಲಿಟಿಕಲ್ ಏಜೆಂಟ್ ಕರ್ನಲ್ ವೆಸ್ಟ್ರಾಪ್ ಆಂಬೋಲಿಯನ್ನೇ ಒಂದು ಗಿರಿಧಾಮ ಮಾಡಲು ಹೊರಟ. ಬಂಗಲೆಗಳು ಎದ್ದವು. 1888ರಲ್ಲಿ ರೈಲು ಮರ್ಮಗೋವಾದವರೆಗೆ ಹೋದದ್ದೇ ತಡ, ವೆಂಗುರ್ಲೆಯ ದಾರಿ ತಣ್ಣಗಾಯಿತು. ಆಂಬೋಲಿ ಇನ್ನೊಂದು ಮಹಾಬಳೇಶ್ವರ ಆಗಲಿಲ್ಲ. ನನ್ನನ್ನು ಕೇಳಿದರೆ, ಕಾಡು ಉಳಿದದ್ದಕ್ಕೆ ನಾವು ಆ ರೈಲಿಗೂ ಒಂದು ನಮಸ್ಕಾರ ಹೇಳಬೇಕು.

ಆಗಿನ ವಸತಿ ಅಂದರೆ ಮುಸಾಫರಿ ಬಂಗಲೆ. ದಪ್ಪ ಗೋಡೆ, ಎತ್ತರದ ಮಾಡು, ಸುತ್ತ ಪಡಸಾಲೆ, ಹಿತ್ತಲಲ್ಲಿ ಖಾನಸಾಮ, ಅವನ ಕೋಳಿ. ಜೋಗದಲ್ಲಿ ಶರಾವತಿಯ ಆಚೆ ದಂಡೆಗೆ ಬಾಂಬೆ ಬಂಗಲೆ, ಈಚೆ ದಂಡೆಗೆ ಮೈಸೂರು ಬಂಗಲೆ, ಯಾಕಂದರೆ ಹೊಳೆಯೇ ಸರಹದ್ದು. ಒಂದೇ ಜಲಪಾತವನ್ನು ಎರಡು ಸರ್ಕಾರಗಳು ಎರಡು ಪಡಸಾಲೆಯಿಂದ ತೋರಿಸುತ್ತಿದ್ದವು. ಇವತ್ತಿನ ಇಕೋ ಹೋಟೆಲಿನವರು ಹೇಳಿಕೊಳ್ಳುವ ಅರ್ಧ ಗುಣ ಆ ಬಂಗಲೆಗಳಿಗೆ ಇದ್ದೇ ಇತ್ತು: ಏಸಿ ಇಲ್ಲ, ಊರಿನ ಕಲ್ಲು, ಊರಿನ ಹೆಂಚು, ಮೂರೋ ನಾಲ್ಕೋ ಕೋಣೆ. ಆದರೆ ಅದು ಹಸಿರಿನ ಮೇಲಿನ ಪ್ರೀತಿ ಅಲ್ಲ, ಕರೆಂಟಿಲ್ಲದ ಕಾಲದ ಅನಿವಾರ್ಯ. ಗೋಡೆ ಮೇಲೆ ಹುಲಿ ಚರ್ಮ ಬೇರೆ.

ಕರ್ನಾಟಕದಲ್ಲಿ ಕಾಡಿನ ಹೋಟೆಲ್ ಅನ್ನೋ ಧಂದೆ ಈಗಿನ ರೂಪಕ್ಕೆ ಬಂದದ್ದು 1980ರಲ್ಲಿ, ಜಂಗಲ್ ಲಾಡ್ಜಸ್ ಹುಟ್ಟಿದಾಗ. ನೇಪಾಳದ ಟೈಗರ್ ಟಾಪ್ಸ್‌ನವರ ಜೊತೆ ಸೇರಿ ನಮ್ಮ ಸರ್ಕಾರ ಮಾಡಿದ ಕಂಪನಿ ಅದು. ಕಬಿನಿಯ ದಂಡೆಯ ಕಾರಾಪುರದಲ್ಲಿ ಮಹಾರಾಜರ ಹಳೇ ಶಿಕಾರಿ ಬಂಗಲೆಗಳಲ್ಲಿ ಅವರ ಮೊದಲ ಲಾಡ್ಜು. ಕರ್ನಲ್ ಜಾನ್ ವೇಕ್‌ಫೀಲ್ಡ್ ಅನ್ನುವವರು, ಒಂದು ಕಾಲದಲ್ಲಿ ಬಂದೂಕು ಹಿಡಿದವರೇ, ಅದನ್ನು ಬೆಳೆಸಿ 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಕೋಣೆ ಕಡಿಮೆ, ಊಟ ಎಲ್ಲರಿಗೂ ಒಂದೇ ಕಡೆ, ಸಂಜೆ ಕಾಡಿನ ಸಿನಿಮಾ. ಒಳ್ಳೆ ಮಾದರಿಯೇ, ಇಲ್ಲ ಅನ್ನಲ್ಲ.

ಆದರೆ ಕಬಿನಿಯಲ್ಲಿ ಪ್ರವಾಸಿಗೆ ಕಾಣುವ ಆ ಆನೆಗಳ ಜಾತ್ರೆ ಇದೆಯಲ್ಲ, ಅದಕ್ಕೆ ಕಾರಣ ಕಾಡಲ್ಲ, ಡ್ಯಾಮು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಕಾಕನಕೋಟೆಯ ಕಾಡು, ಹಳ್ಳಿಗಳು ನೀರಿಗೆ ಹೋದವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೇವದ ನೆಲದಲ್ಲಿ ಹಸಿ ಹುಲ್ಲು ಏಳುತ್ತದೆ, ಬೇರೆಲ್ಲೂ ಮೇವಿಲ್ಲದ ಆನೆಗಳು ಅಲ್ಲಿಗೆ ಇಳಿಯುತ್ತವೆ. ಅದೇ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರೇ ವರ್ಷಕ್ಕೆ ಆನೆ ಹಿಡಿಯುವ ಜಾಗ ಮುಳುಗಿ, ಆನೆ ನೋಡುವ ಜಾಗ ತಯಾರಾಯಿತು.

ಇದನ್ನು ಬರೆಯುವಾಗ ನಮ್ಮ ಆಯಿ ನೆನಪಾಗುತ್ತಾಳೆ. ಆಕೆಯ ತವರಿನ ಹೊಲ ಹಿಡಕಲ್ ಹಿನ್ನೀರಿನಲ್ಲಿದೆ. "ಇದೆ" ಅಂತಲೇ ಆಕೆ ಹೇಳುತ್ತಿದ್ದಳು, "ಇತ್ತು" ಅಂತ ಒಮ್ಮೆಯೂ ಅನ್ನಲಿಲ್ಲ. 1970ರ ದಶಕದಲ್ಲಿ 51 ಟಿಎಂಸಿಯ ಆ ಜಲಾಶಯ ತುಂಬಿದಾಗ ಘಟಪ್ರಭೆಯ ದಂಡೆಯ ಊರುಗಳು ಮೇಲಕ್ಕೆ ಸರಿದವು. ಹುನ್ನೂರಿನ ವಿಠ್ಠಲನ ಗುಡಿ ಕೆಳಗೇ ಉಳಿಯಿತು. ಬೇಸಿಗೆಯಲ್ಲಿ ನೀರು ಇಳಿದ ವರ್ಷ ಗುಡಿ ಮೇಲೆ ಬರುತ್ತದೆ, ಮಂದಿ ಕಾಯಿ ಒಡೆಸಲು ಹೋಗುತ್ತಾರೆ, ಈಗೀಗ ಮೊಬೈಲ್ ಹಿಡಿದುಕೊಂಡು ಹೋಗುವವರೇ ಹೆಚ್ಚು. ಆಯಿಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಆಕೆ ಗುಡಿ ನೋಡಲಿಲ್ಲ. ನೀರಿನ ಕಡೆ ಕೈ ಮಾಡಿ "ಅಲ್ಲಿ ಬಾವಿ, ಅದರ ಆಚೆ ಮಾವಿನಗಿಡ" ಅಂದಳು, ಅಷ್ಟೇ. ಹಂಗಂತ ಡ್ಯಾಮು ಬೇಡಾಗಿತ್ತು ಅಂತ ನಾನು ಹೇಳಲಾರೆ. ನಮ್ಮ ಮನೆ ಕಬ್ಬು ಬೆಳೆದದ್ದೂ ಅದೇ ನೀರಿನಿಂದ. ಆದರೆ ಯಾರಾದರೂ "ಲೇಕ್ ವ್ಯೂ ರೂಮ್" ಅಂತ ಜಾಹೀರಾತು ಹಾಕಿದರೆ ನನಗೆ ಮೊದಲು ಕಾಣೋದು ಆ ಬಾವಿ.

ಕಾಡಿನ ಹೋಟೆಲಿನ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಪಂಚಾಯ್ತಿ ಆಗಿಹೋಗಿದೆ, ಅದು ಈಗಿನ ಹುಡುಗರಿಗೆ ಗೊತ್ತಿಲ್ಲ. 1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ, ಮೂರ್ಕಲ್ ಎಂಬಲ್ಲಿ, ಸರ್ಕಾರದ ಕಟ್ಟಡಗಳನ್ನು ತಾಜ್ ಗುಂಪಿಗೆ ಲೀಸಿಗೆ ಕೊಟ್ಟರು. ಗೇಟ್‌ವೇ ಟಸ್ಕರ್ ಲಾಡ್ಜ್ ಅಂತ ಹೆಸರು. ಅದೇ ಹೊತ್ತಿಗೆ ತಲೆತಲಾಂತರದಿಂದ ಅಲ್ಲಿದ್ದ ಜೇನುಕುರುಬರಿಗೆ, ಯರವರಿಗೆ ಕಾಡು ಬಿಡಿ ಅಂತ ಹೇಳಲಾಗುತ್ತಿತ್ತು. ಒಲೆಗೆ ಸೌದೆ ತಂದರೆ ಕೇಸು, ಹೋಟೆಲಿಗೆ ಮಾತ್ರ ದಾರಿ. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. 1997ರಲ್ಲಿ ತೀರ್ಪು ಬಂತು: ಅರಣ್ಯ ಭೂಮಿಯನ್ನು ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಹೀಗೆ ಕೊಡುವಂತಿಲ್ಲ, ಲೀಸು ಕಾನೂನಿಗೆ ವಿರುದ್ಧ. ಆಧಾರವಾದದ್ದು 1980ರ ಅರಣ್ಯ ಸಂರಕ್ಷಣಾ ಕಾಯಿದೆ. ಜಂಗಲ್ ಲಾಡ್ಜಸ್ ಹುಟ್ಟಿದ ವರ್ಷವೇ ಹುಟ್ಟಿದ ಕಾಯಿದೆ ಅದು! ಮೂರ್ಕಲ್‌ನ ಹೋಟೆಲು ಬಾಗಿಲು ತೆರೆಯಲೇ ಇಲ್ಲ.

ಆ ತೀರ್ಪಿನಿಂದ ನಾನು ಕಲಿತದ್ದು ಒಂದು ಪ್ರಶ್ನೆ. ಹೋಟೆಲಿನವರು ಪ್ಲಾಸ್ಟಿಕ್ ಬಾಟಲಿ ಕೊಡುತ್ತಾರೋ ಗಾಜಿನ ಬಾಟಲಿಯೋ ಅನ್ನೋದು ಎರಡನೇ ಮಾತು. ಈ ನೆಲ ಮೊದಲು ಯಾರದ್ದಿತ್ತು, ಅವರು ಈಗ ಎಲ್ಲಿದ್ದಾರೆ, ಅದು ಮೊದಲನೇ ಮಾತು.

ಎರಡನೇ ಮಾತಿನದ್ದೂ ಒಂದು ಕಥೆ ಇದೆ. ಜೇ ವೆಸ್ಟರ್‌ವೆಲ್ಡ್ ಅನ್ನೋ ಅಮೆರಿಕದ ಪರಿಸರವಾದಿ ಫಿಜಿ ದ್ವೀಪದ ಒಂದು ರಿಸಾರ್ಟಿಗೆ ಹೋಗಿದ್ದಾಗ ಅಲ್ಲೊಂದು ಚೀಟಿ ಕಂಡ: ಸಮುದ್ರ, ಹವಳದ ದಂಡೆ ಉಳಿಯಬೇಕಾದರೆ ಟವೆಲ್ ಎರಡನೇ ಸಲ ಬಳಸಿರಿ. ಹಿತ್ತಲಲ್ಲಿ ನೋಡಿದರೆ ಅದೇ ರಿಸಾರ್ಟು ಹೊಸ ಕಾಟೇಜು ಕಟ್ಟಿ ಬೆಳೆಯುತ್ತಿತ್ತು. 1986ರಲ್ಲಿ ಅದರ ಬಗ್ಗೆ ಬರೆಯುತ್ತ ಅವನು ಬಳಸಿದ ಪದವೇ ಗ್ರೀನ್‌ವಾಶಿಂಗ್. ನಮ್ಮ ಮಾತಿನಲ್ಲಿ ಹಸಿರು ಸುಣ್ಣ ಬಳಿಯೋದು. ಈಗ ಆ ಟವೆಲ್ ಚೀಟಿ ಇಲ್ಲದ ಹೋಟೆಲೇ ಇಲ್ಲ. ಹನ್ನೊಂದರಲ್ಲಿ ಎಷ್ಟು ಮಂದಿ ಬರೀ ಟವೆಲಿನಲ್ಲೇ ಕಾಡು ಉಳಿಸುತ್ತಿದ್ದಾರೆ ಅಂತ ಹುಡುಗನಿಗೆ ಎಣಿಸಲು ಹೇಳಿದೆ.

ಸಮುದ್ರದಂಡೆಯ ಲೆಕ್ಕ ಬೇರೆ. 1981ರಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ಗೆರೆಯಿಂದ 500 ಮೀಟರಿನೊಳಗೆ ಏನೂ ಕಟ್ಟಬೇಡಿ ಅಂದರು. ಹತ್ತು ವರ್ಷದ ನಂತರ, 1991ರ ಫೆಬ್ರವರಿಯಲ್ಲಿ, ಅದು ಸಿಆರ್‌ಝಡ್ ಅಧಿಸೂಚನೆ ಆಯಿತು. ಹಳ್ಳಿಗಾಡಿನ ದಂಡೆಯಲ್ಲಿ 200 ಮೀಟರಿನವರೆಗೆ ಕಟ್ಟುವಂತಿಲ್ಲ, ಅಲ್ಲಿಂದ 500ರವರೆಗೆ ಒಪ್ಪಿಗೆ ಪಡೆದು ಹೋಟೆಲ್ ಕಟ್ಟಬಹುದು. ಆಮೇಲೆ ತಿದ್ದುಪಡಿ ಮೇಲೆ ತಿದ್ದುಪಡಿ. 2019ರ ಅಧಿಸೂಚನೆಯಲ್ಲಿ ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಆ 200 ಮೀಟರು 50ಕ್ಕೆ ಬಂತು. "ಕಿಟಕಿ ತಗದ್ರ ಸಮುದ್ರ" ಅಂತ ಬರಕೊಂಡ ಹೋಟೆಲ್ ಕಂಡರೆ ಸಂತೋಷ ಪಡುವ ಮೊದಲು ಒಮ್ಮೆ ಮೀಟರು ಹಿಡಿಯಬೇಕು. ದೇವಬಾಗದ ಗಾಳಿಮರದ ತೋಪು ನನಗೂ ಇಷ್ಟ, ಅದನ್ನು ಸಹಜ ಕಾಡು ಅಂತ ಮಾತ್ರ ತಿಳಿಯಬಾರದು. ಗಾಳಿಮರ ಹೊರಗಿನಿಂದ ಬಂದು ನೆಟ್ಟ ಮರ.

ಇಷ್ಟು ಕೇಳಿ ಹುಡುಗ ಸುಸ್ತಾದ. "ಕಾಕಾ, ಹಂಗಾರ ಎಲ್ಲಿಗೂ ಹೋಗೂದ ಬ್ಯಾಡೇನು?"

ಹೋಗಬ್ಯಾಡ ಅಂತ ನಾನೆಲ್ಲಿ ಅಂದೆ? ಚಲೋ ಉದಾಹರಣೆಯೂ ಇವೆ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮೇಲೆ ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟು ಸಿಗುತ್ತದೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಮೂರು ರಾಜ್ಯ ಕೂಡುವ ಆ ಗುಡ್ಡದಲ್ಲಿ ವೈಲ್ಡರ್‌ನೆಸ್ಟ್ ಅಂತ ಒಂದು ರಿಸಾರ್ಟ್ ಇದೆ. ಆ ಕಾಡು ಗಣಿಯವರ ಪಾಲಾಗದಿರಲಿ ಅಂತ ಜಮೀನು ಕೊಂಡು, ಅದನ್ನು ಉಳಿಸಿಕೊಳ್ಳಲು ಕಾಟೇಜು ಕಟ್ಟಿದ್ದು. ಕಾಡಿನ ಮರ ಮುಟ್ಟದೆ ಅಕೇಶಿಯಾ ದಿಮ್ಮಿ ಬಳಸಿ ಕಟ್ಟಿದರು. ಹೋಟೆಲಿಗಾಗಿ ಕಾಡು ಅಲ್ಲ, ಕಾಡಿಗಾಗಿ ಹೋಟೆಲು. ಇಂಥ ಕಡೆ ದುಡ್ಡು ಹೆಚ್ಚು ಕೊಟ್ಟರೂ ನನಗೆ ಹೊಟ್ಟೆ ಉರಿಯಲ್ಲ.

ಆದರೆ ನನ್ನ ಮನಸ್ಸು ಆಂಬೋಲಿಯ ಮೇಲೆಯೇ. ಆ ಕಾಡಿನಲ್ಲಿ 2009ರಲ್ಲಿ ಒಂದು ಹೊಸ ಕಪ್ಪೆಗೆ ಹೆಸರಿಟ್ಟರು, ಮೈಮೇಲೆ ಹುಲಿಯಂಥ ಪಟ್ಟೆ. 2020ರಲ್ಲಿ ಹಿರಣ್ಯಕೇಶಿಯ ಗುಡಿಯ ಹತ್ತಿರದ ನೀರಿನಲ್ಲಿ ಒಂದು ಸಣ್ಣ ಮೀನು ಸಿಕ್ಕಿತು, ಅದಕ್ಕೆ ಹೊಳೆಯ ಹೆಸರೇ ಇಟ್ಟರು: ಶಿಸ್ಟುರಾ ಹಿರಣ್ಯಕೇಶಿ. ಮರುವರ್ಷ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. ಸಂಕೇಶ್ವರದ ಸೇತುವೆ ಮೇಲೆ ನಿಂತು ನಾವು ತೆಂಗಿನಕಾಯಿ, ಹಳೇ ಕ್ಯಾಲೆಂಡರು ಎಸೆಯುವ ಹೊಳೆ ಅದು. ಮೇಲೆ ಅದಕ್ಕೆ ಆ ಮರ್ಯಾದೆ, ಕೆಳಗೆ ಈ ಮರ್ಯಾದೆ.

ಮೊನ್ನೆ ಹುಡುಗ ಮತ್ತೆ ಫೋನ್ ಮಾಡಿದ. ಹನ್ನೊಂದು ಹೋಟೆಲಿಗೂ ಎರಡೇ ಪ್ರಶ್ನೆ ಕೇಳಿದನಂತೆ: ಜಾಗ ಮೊದಲು ಯಾರದ್ದು, ಕೊಳಚೆ ನೀರು ಎಲ್ಲಿಗೆ ಹೋಗ್ತದ. ಎರಡು ಕಡೆಯಿಂದ ಸರಿಯಾದ ಉತ್ತರ ಬಂತು. ನಾಲ್ಕು ಕಡೆಯವರು ಸ್ಪಾ ರೇಟು ಕಳಿಸಿದರು. ಉಳಿದವರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಆಂಬೋಲಿಯಲ್ಲಿ ಊರವರೇ ನಡೆಸುವ ಒಂದು ಮನೆಯಲ್ಲಿ ಎರಡು ರೂಮು, ಎರಡು ರಾತ್ರಿ. ಆಮೇಲೆ ಘಾಟು ಇಳಿದು ವೆಂಗುರ್ಲೆಯಲ್ಲಿ ಎರಡು ರಾತ್ರಿ. ಲಕ್ಸುರಿ ಅಂದರೆ ಬಿಸಿನೀರು, ಮೀನು ಊಟ, ಒಂದು ಪಡಸಾಲೆ. ನಮ್ಮ ವೈನಿಗೆ ಮೀನಿನ ವಾಸನೆ ಆಗೋದಿಲ್ಲ, ಅದೊಂದು ತಕರಾರು ಇನ್ನೂ ಮುಗಿದಿಲ್ಲ.

"ನೀವೂ ಬರ್ರಿ ಕಾಕಾ, ಗಾಡ್ಯಾಗ ಒಂದು ಸೀಟ್ ಐತಿ" ಅಂದ. ಬರ್ತೇನಂತ ಹೇಳೇನಿ. ಹೋಗುವಾಗ ಹಿಡಕಲ್ ಕಡೆ ಒಮ್ಮೆ ತಿರುಗಿಸಿ, ಅವನ ಮಕ್ಕಳಿಗೆ ಬಾವಿ ಎಲ್ಲಿತ್ತು ಅಂತ ತೋರಿಸಬೇಕು. ದೀಪಾವಳಿಗೆ ನೀರು ತುಂಬಿರ್ತದ, ಗುಡಿ ಕಾಣೂದಿಲ್ಲ. ಆದರೂ ಕೈ ಮಾಡಿ ತೋರಿಸಬಹುದು.