‘ಫೇರ್’ ಅಂದರೆ ಬೆಳ್ಳಗಿರೋದಾ? ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತಾ?

ಮದುವೆ ಬಯೋಡೇಟಾದಲ್ಲಿ ಹೆಸರು, ಎತ್ತರ, ಓದು ಆದ ಮೇಲೆ ಬರುವ ಸಾಲು: ‘ಬಣ್ಣ – ಫೇರ್’. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಮಾತಿನಲ್ಲಿ ಇದನ್ನೇ ‘ಹುಡುಗಿ ಕೆಂಪಗ ಅದಾಳ’ ಅಂತಾರೆ. ಈ ಇಂಗ್ಲಿಷ್ ಪದದ ನಿಜವಾದ ಅರ್ಥ ಏನು?

ಪದ ಎಲ್ಲಿಂದ ಬಂತು?

ಹಳೆಯ ಇಂಗ್ಲಿಷ್‌ನಲ್ಲಿ ‘ಫೇರ್’ ಎಂದರೆ ಚೆಂದ, ಸುಂದರ ಎಂದಷ್ಟೇ ಅರ್ಥ. ತಿಳಿ ಬಣ್ಣದವರೇ ಚೆಂದ ಎಂಬ ಅಲ್ಲಿನವರ ಅಭಿರುಚಿಯಿಂದ ‘ಬೆಳ್ಳಗಿರುವ’ ಎಂಬ ಅರ್ಥ ನಂತರ ಅಂಟಿಕೊಂಡಿತು. ‘ನ್ಯಾಯವಾದ’ ಎಂಬ ಅರ್ಥವೂ ಇದೇ ಪದದ್ದು. ರೇಷನ್ ಕೊಡುವ ನ್ಯಾಯಬೆಲೆ ಅಂಗಡಿಗೆ ಇಂಗ್ಲಿಷ್‌ನಲ್ಲಿ ‘ಫೇರ್ ಪ್ರೈಸ್ ಶಾಪ್’ ಅನ್ನುವುದು ಅದಕ್ಕೇ. ಆದರೆ ಗವಿಮಠದ ಜಾತ್ರೆಗೆ ‘ಫೇರ್’ ಅಂದರೆ ಅದು ಬೇರೆ ಪದ. ಹಬ್ಬ, ರಜೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ನಮ್ಮಲ್ಲಿ ಈ ಪದವನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮಿನ ಪಾಲು ದೊಡ್ಡದು. 2020ರಲ್ಲಿ ಕಂಪನಿಯೇ ‘ಫೇರ್’ ತೆಗೆದು ಹೆಸರನ್ನು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಿಸಿತು. ಕನ್ನಡದಲ್ಲಿ ಎಣ್ಣೆಗೆಂಪು, ಗೋದಿ ಬಣ್ಣ, ಕೃಷ್ಣವರ್ಣ ಎಂಬ ಪದಗಳಿವೆ. ಇವು ಬಣ್ಣ ಹೇಳುತ್ತವೆ, ಅಂಕ ಕೊಡುವುದಿಲ್ಲ.

ಬಣ್ಣ ಯಾಕೆ ಬೇರೆ ಬೇರೆ?

ಚರ್ಮದ ಬಣ್ಣ ಮುಖ್ಯವಾಗಿ ಮೆಲನಿನ್ ಎಂಬ ವಸ್ತುವಿನಿಂದ. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ತಯಾರಾಗುವ ಮೆಲನಿನ್‌ನ ಪ್ರಮಾಣ ಮತ್ತು ಬಗೆ ಮಾತ್ರ ಬೇರೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಯುವುದೇ ಮೆಲನಿನ್ ಕೆಲಸ. ನಮ್ಮ ಬಿಸಿಲಿಗೆ ಕಪ್ಪು ಬಣ್ಣ ಕೊರತೆಯಲ್ಲ, ರಕ್ಷಣೆ.

ಫಾರ್ವರ್ಡ್: ಕೇಸರಿ ಹಾಲು ಕುಡಿದರೆ ಮಗು ಕೆಂಪಗೆ, ಕಬ್ಬಿಣದ ಮಾತ್ರೆ ನುಂಗಿದರೆ ಕಪ್ಪಗೆ

ಎರಡೂ ಸುಳ್ಳು. ಮಗುವಿನ ಬಣ್ಣ ತಂದೆ-ತಾಯಿಯಿಂದ ಬರುವ ವಂಶವಾಹಿಗಳಿಂದ ನಿರ್ಧಾರವಾಗುತ್ತದೆ. ಹುಟ್ಟಿದಾಗಿನ ಬಣ್ಣ ಮುಂದಿನ ತಿಂಗಳುಗಳಲ್ಲಿ ಬದಲಾಗುವುದೂ ಸಹಜ. ಕಬ್ಬಿಣದ ಮಾತ್ರೆಯಿಂದ ಕಪ್ಪಾಗುವುದು ತಾಯಿಯ ಮಲ ಮಾತ್ರ. ದೇಹ ಹೀರಿಕೊಳ್ಳದ ಕಬ್ಬಿಣ ಹಾಗೆ ಹೊರಗೆ ಹೋಗುತ್ತದೆ, ಅದರಿಂದ ಭಯವಿಲ್ಲ.

ಭಯ ಪಡಬೇಕಾದದ್ದು ಮಾತ್ರೆ ಬಿಡುವುದಕ್ಕೆ. ರಕ್ತಹೀನತೆ ಇರುವ ತಾಯಿಗೆ ಹೆರಿಗೆಯಲ್ಲಿ ಆಗುವ ರಕ್ತಸ್ರಾವ ತಾಳಿಕೊಳ್ಳುವುದು ಕಷ್ಟ. ಅವಧಿಗೆ ಮುಂಚೆ ಹೆರಿಗೆ, ಕಡಿಮೆ ತೂಕದ ಮಗು – ಈ ಅಪಾಯಗಳೂ ಹೆಚ್ಚು. ಸರ್ಕಾರ ಉಚಿತವಾಗಿ ಕೊಡುವ ಕೆಂಪು ಮಾತ್ರೆಯನ್ನು ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕು. ಚಹಾದ ಜೊತೆ ಬೇಡ. ಹೊಟ್ಟೆ ತೊಳೆಸಿದರೆ ಮಾತ್ರೆ ಬಿಡದೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ.

ವಾರದಲ್ಲಿ ಬೆಳ್ಳಗಾಗಿಸುವ ಕ್ರೀಮ್?

ಲೇಬಲ್ ಇಲ್ಲದ ಕೆಲವು ಕ್ರೀಮ್‌ಗಳಲ್ಲಿ ಪಾದರಸ ಇರುತ್ತದೆ. ಅದು ಮೂತ್ರಪಿಂಡ ಕೆಡಿಸಬಲ್ಲದು. ಇನ್ನು ಕೆಲವಲ್ಲಿ ಸ್ಟಿರಾಯ್ಡ್ ಇರುತ್ತದೆ. ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗಿ, ಮೊಡವೆ ಎದ್ದು, ಬಿಸಿಲಿಗೆ ಉರಿಯುತ್ತದೆ. 2018ರಿಂದ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಒಟ್ಟಾರೆ: ‘ಫೇರ್’ ಪದದ ಮೂಲ ಅರ್ಥ ಚೆಂದ, ಬಿಳುಪಲ್ಲ. ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂಬ ಮೆಸೇಜ್ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಗುಂಪಿನಲ್ಲಿ ಗರ್ಭಿಣಿ ಇದ್ದರೆ ಇದನ್ನು ಕಳಿಸಿ.