ಸಿಂಗಪುರದ ಭೋಜನಶಾಲೆಗಳ ಬಾಗಿಲಲ್ಲಿ

ಪರದೇಶಕ್ಕೆ ಹೋದವರಿಗೆ ಊಟ ಸಿಗುವುದೇನೂ ಕಷ್ಟವಲ್ಲ. ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ತಿಳಿಯುವುದೇ ಕಷ್ಟ. ಒಂದು ದಿನವಾದರೂ ಕೈಬಿಚ್ಚಿ ಖರ್ಚು ಮಾಡಿ, ಹೆಸರುವಾಸಿ ರೆಸ್ಟೋರೆಂಟಿನಲ್ಲಿ ಕುಳಿತು ಉಣ್ಣೋಣವೆಂದು ಹೊರಟರೆ, ಗುರುತಿಲ್ಲದ ಊರಿನಲ್ಲಿ ಯಾವ ಬಾಗಿಲು ತಟ್ಟುವುದು? ಸಿಂಗಪುರದ ಮಟ್ಟಿಗೆ ಈ ಪ್ರಶ್ನೆಗೆ ಊರಿನ ಇತಿಹಾಸವೇ ಅರ್ಧ ಉತ್ತರ ಕೊಡುತ್ತದೆ. ಅಲ್ಲಿನ ಪ್ರತಿಷ್ಠಿತ ಭೋಜನಶಾಲೆಗಳಲ್ಲಿ ಹಲವು ಇರುವುದು ಬ್ರಿಟಿಷರ ಕಾಲದ ಕಟ್ಟಡಗಳಲ್ಲಿ. ನ್ಯಾಯಾಲಯ, ಅಂಚೆ ಕಚೇರಿ, ಕಾನ್ವೆಂಟು, ಸೈನಿಕರ ಬ್ಯಾರಕ್ಕು ಆಗಿದ್ದ ಜಾಗಗಳಲ್ಲಿ ಇಂದು ಊಟದ ಮೇಜುಗಳಿವೆ.

ಈ ಕಥೆ ಬೀಚ್ ರೋಡಿನ ರಾಫಲ್ಸ್ ಹೋಟೆಲಿನಿಂದ ಆರಂಭವಾಗುತ್ತದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿಗೂ ಪೂರ್ವದೇಶಗಳಿಗೂ ನಡುವೆ ಹಡಗುಗಳ ಓಡಾಟ ಹೆಚ್ಚಿತು. ನಡುದಾರಿಯ ಬಂದರಾದ ಸಿಂಗಪುರದಲ್ಲಿ ಇಳಿದ ಪ್ರಯಾಣಿಕರಿಗೆ ಊಟ, ವಸತಿ ಬೇಕಿತ್ತು. ಸಾರ್ಕೀಸ್ ಎಂಬ ಆರ್ಮೇನಿಯನ್ ಸಹೋದರರು 1887ರಲ್ಲಿ ಒಂದು ಬಂಗಲೆಯಲ್ಲಿ ಹತ್ತು ಕೋಣೆಗಳ ಹೋಟೆಲ್ ತೆರೆದರು. ಇಂದು ನಾವು ನೋಡುವ ಭವ್ಯವಾದ ಮುಖ್ಯ ಕಟ್ಟಡ ಎದ್ದದ್ದು 1899ರಲ್ಲಿ. ಅಲ್ಲಿನ ಊಟದ ಕೋಣೆಗಳಲ್ಲಿ ಒಂದರ ಹೆಸರು ಟಿಫಿನ್ ರೂಮ್.

ಟಿಫಿನ್! ಕನ್ನಡಿಗರಿಗೆ ಈ ಪದವನ್ನು ಪರಿಚಯಿಸಬೇಕಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಮಧ್ಯಾಹ್ನದ ಲಘು ಊಟಕ್ಕೆ ಹುಟ್ಟಿದ ಈ ಮಾತು ದೊರೆಗಳ ಜೊತೆ ಹಡಗು ಹತ್ತಿ ಮಲಯ ಸೀಮೆಗೂ ಹೋಯಿತು. ಇತ್ತ ಬೆಂಗಳೂರಿನಲ್ಲಿ ಅದು ದೋಸೆ, ಇಡ್ಲಿಗಳ ಹೆಸರಾಯಿತು. 1924ರಲ್ಲಿ ಹುಟ್ಟಿದ ನಮ್ಮ ಮಾವಳ್ಳಿ ಟಿಫಿನ್ ರೂಮ್ಸ್ 2013ರಲ್ಲಿ ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಶಾಖೆ ತೆರೆದಾಗ, ಎರಡು ದಾರಿ ಹಿಡಿದು ಹೋಗಿದ್ದ ಒಂದೇ ಪದ ಒಂದೇ ಊರಿನಲ್ಲಿ ಮತ್ತೆ ಸೇರಿದಂತಾಯಿತು.

ಆದರೆ ಆ ಕಾಲದ ದೊಡ್ಡ ಮೇಜುಗಳ ಸುತ್ತ ಕುಳಿತವರು ಯಾರು, ಅಡುಗೆಮನೆಯಲ್ಲಿ ನಿಂತವರು ಯಾರು? ಉಣ್ಣುವವರು ಹೆಚ್ಚಾಗಿ ಬಿಳಿಯರು. 1865ರಲ್ಲಿ ಸ್ಥಾಪನೆಯಾದ ಟ್ಯಾಂಗ್ಲಿನ್ ಕ್ಲಬ್ಬಿನಂಥ ಕಡೆ ಸ್ಥಳೀಯರಿಗೆ ದೀರ್ಘಕಾಲ ಸದಸ್ಯತ್ವವೇ ಇರಲಿಲ್ಲ. ಬೇಯಿಸಿ ಬಡಿಸುವವರಲ್ಲಿ ಅನೇಕರು ಚೀನಾದ ಹೈನಾನ್ ದ್ವೀಪದಿಂದ ಬಂದವರು. ಉಳಿದ ಚೀನೀ ಪಂಗಡಗಳಿಗಿಂತ ತಡವಾಗಿ ಬಂದ ಇವರಿಗೆ ವ್ಯಾಪಾರದಲ್ಲಿ ಜಾಗ ಉಳಿದಿರಲಿಲ್ಲ. ಹಾಗಾಗಿ ಯುರೋಪಿಯನ್ನರ ಮನೆ, ಹೋಟೆಲು, ಹಡಗುಗಳಲ್ಲಿ ಅಡಿಗೆಯವರಾಗಿ, ಮಾಣಿಗಳಾಗಿ ಸೇರಿಕೊಂಡರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಾಫಲ್ಸ್ ಹೋಟೆಲಿನ ಬಾರಿನಲ್ಲಿ ಜಗತ್ಪ್ರಸಿದ್ಧ ‘ಸಿಂಗಪುರ್ ಸ್ಲಿಂಗ್’ ಪಾನೀಯವನ್ನು ಬೆರೆಸಿದ ನ್ಯಾಮ್ ಟಾಂಗ್ ಬೂನ್ ಹೈನಾನಿನವನೇ. ಇಂದು ಸಿಂಗಪುರದ ರಾಷ್ಟ್ರೀಯ ತಿನಿಸೆಂದು ಕರೆಸಿಕೊಳ್ಳುವ ಕೋಳಿ ಅನ್ನವೂ ಈ ಜನರ ಕೊಡುಗೆ. ಬಾರಿನ ಪಾನೀಯ ಮತ್ತು ಬೀದಿಯ ಅನ್ನ ಹೀಗೆ ಒಂದೇ ಸಮುದಾಯದ ಕೈಯಿಂದ ಬಂದವು.

1965ರಲ್ಲಿ ಸಿಂಗಪುರ ಸ್ವತಂತ್ರ ಗಣರಾಜ್ಯವಾಯಿತು. 1971ರಲ್ಲಿ ಬ್ರಿಟಿಷ್ ಸೇನೆ ಬಹುಮಟ್ಟಿಗೆ ಜಾಗ ಖಾಲಿ ಮಾಡಿತು. ಕಾಲಕ್ರಮದಲ್ಲಿ ಅನೇಕ ಹಳೆಯ ಕಟ್ಟಡಗಳು ಮೊದಲಿನ ಕೆಲಸ ಕಳೆದುಕೊಂಡವು. ಅವನ್ನು ಕೆಡವದೆ ಹೊಸ ಕೆಲಸಕ್ಕೆ ಹಚ್ಚಿದ್ದು ಇಂದಿನ ಭೋಜನಶಾಲೆಗಳಿಗೆ ದಾರಿಯಾಯಿತು. ವಿಕ್ಟೋರಿಯಾ ಸ್ಟ್ರೀಟಿನಲ್ಲಿ 1854ರಲ್ಲಿ ಆರಂಭವಾದ ಕಾನ್ವೆಂಟಿನ ಗೇಟಿನ ಬಳಿ, ಸಾಕಲಾರದ ಹೆತ್ತವರು ಹಸುಗೂಸುಗಳನ್ನು ಬಿಟ್ಟುಹೋಗುತ್ತಿದ್ದರು. 1983ರಲ್ಲಿ ಕಾನ್ವೆಂಟು ಬೇರೆಡೆಗೆ ಹೋಯಿತು. 1996ರಿಂದ ಅದು ‘ಚೈಮ್ಸ್’ ಎಂಬ ಊಟ-ವಿಹಾರದ ತಾಣ. ಟ್ಯಾಂಗ್ಲಿನ್ ಬ್ಯಾರಕ್ಕುಗಳಲ್ಲಿ ಬ್ರಿಟಿಷರ ನಂತರ ಕಡ್ಡಾಯ ಸೈನಿಕ ಸೇವೆಗೆ ತರುಣರನ್ನು ಸೇರಿಸಿಕೊಳ್ಳುವ ಕಚೇರಿ ಇತ್ತು. ಈಗ ಡೆಂಪ್ಸಿ ಹಿಲ್ ಎಂಬ ಹೆಸರಿನಲ್ಲಿ ಅಲ್ಲಿ ರೆಸ್ಟೋರೆಂಟುಗಳಿವೆ. 1928ರ ಫುಲರ್ಟನ್ ಕಟ್ಟಡ, ಅಂದರೆ ಹಿಂದಿನ ದೊಡ್ಡ ಅಂಚೆ ಕಚೇರಿ, 2001ರಲ್ಲಿ ಹೋಟೆಲಾಯಿತು. 1939ರ ಸುಪ್ರೀಂ ಕೋರ್ಟ್ ಕಟ್ಟಡ ಮತ್ತು ಪಕ್ಕದ ಸಿಟಿ ಹಾಲ್ ಸೇರಿ 2015ರಲ್ಲಿ ರಾಷ್ಟ್ರೀಯ ಕಲಾ ಗ್ಯಾಲರಿಯಾದವು. ಅದರೊಳಗಿನ ‘ಓಡೆಟ್’ ಎಂಬ ಫ್ರೆಂಚ್ ರೆಸ್ಟೋರೆಂಟ್ 2019ರಲ್ಲಿ ಮಿಶೆಲಿನ್ ಮಾರ್ಗದರ್ಶಿಯ ಮೂರು ತಾರೆಗಳನ್ನು ಪಡೆಯಿತು.

ಈ ಮಿಶೆಲಿನ್ ಏನು? ಮೂಲದಲ್ಲಿ ಅದು ಫ್ರಾನ್ಸಿನ ಟೈರು ಕಂಪನಿ. ಜನ ಕಾರಿನಲ್ಲಿ ಹೆಚ್ಚು ಸುತ್ತಿದರೆ ಟೈರು ಹೆಚ್ಚು ಸವೆಯುತ್ತದೆ ಎಂಬ ಲೆಕ್ಕದಲ್ಲಿ 1900ರಲ್ಲಿ ಅದು ಪ್ರವಾಸಿ ಕೈಪಿಡಿಯನ್ನು ಪುಕ್ಕಟೆ ಹಂಚಿತು. 1926ರಲ್ಲಿ ಒಳ್ಳೆಯ ಊಟದ ಜಾಗಗಳಿಗೆ ತಾರೆಯ ಗುರುತು ಬಂತು. ಹೆಸರು ಹೇಳಿಕೊಳ್ಳದ ಪರೀಕ್ಷಕರು ಉಂಡು, ಹಣ ಕೊಟ್ಟು, ತೀರ್ಪು ಬರೆಯುತ್ತಾರೆ. ಆಗ್ನೇಯ ಏಷ್ಯಾದಲ್ಲಿ ಈ ಕೈಪಿಡಿ ಮೊದಲು ಕಾಲಿಟ್ಟದ್ದು ಸಿಂಗಪುರಕ್ಕೆ, 2016ರಲ್ಲಿ.

ಆ ಮೊದಲ ಪಟ್ಟಿಯೇ ಎಲ್ಲರನ್ನೂ ಬೆರಗುಗೊಳಿಸಿತು. ದುಬಾರಿ ರೆಸ್ಟೋರೆಂಟುಗಳ ಸಾಲಿನಲ್ಲಿ ಎರಡು ‘ಹಾಕರ್’ ಮಳಿಗೆಗಳಿಗೂ ಒಂದೊಂದು ತಾರೆ ಸಿಕ್ಕಿತ್ತು. ಹಾಕರ್ ಎಂದರೆ ಹಿಂದೆ ತಳ್ಳುಗಾಡಿ, ಅಡ್ಡೆಗಳಲ್ಲಿ ತಿಂಡಿ ಹೊತ್ತು ಮಾರುತ್ತಿದ್ದವರು. 1968–69ರ ಹೊತ್ತಿಗೆ ಇಂಥ ಸುಮಾರು 18,000 ಬೀದಿ ವ್ಯಾಪಾರಿಗಳನ್ನು ಸರ್ಕಾರ ನೋಂದಾಯಿಸಿ, 1971ರಿಂದ 1986ರವರೆಗೆ ನಲ್ಲಿ ನೀರು, ಚರಂಡಿ ಇರುವ ಸೂರುಗಳಡಿ ನೆಲೆಗೊಳಿಸಿತು. ಅಂಥ ಒಂದು ಸೂರಿನಡಿ ಸುಮಾರು ಎರಡು ಡಾಲರಿಗೆ ಕೋಳಿ ಅನ್ನ ಮಾರುತ್ತಿದ್ದವನಿಗೆ ತಾರೆ! 2020ರಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಗೌರವ ಬಂದಷ್ಟು ಸುಲಭವಾಗಿ ಉಳಿಯುವುದಿಲ್ಲ. 2016ರಲ್ಲಿ ಮೂರು ತಾರೆ ಪಡೆದ ಏಕೈಕ ರೆಸ್ಟೋರೆಂಟ್ 2018ರಲ್ಲಿ ಮುಚ್ಚಿತು. ಆ ಕೋಳಿ ಅನ್ನದ ತಾರೆ 2021ರಲ್ಲಿ ಹೋಯಿತು. ಆದ್ದರಿಂದ ಪ್ರವಾಸಿಗರು ಹಳೆಯ ಪಟ್ಟಿ ನಂಬಿ ಹೋಗಬಾರದು. ಇನ್ನೊಂದು ಎಚ್ಚರಿಕೆ: ದೊಡ್ಡ ರೆಸ್ಟೋರೆಂಟುಗಳ ಬೆಲೆಪಟ್ಟಿಯಲ್ಲಿ ಅಂಕಿಯ ಮುಂದೆ ಎರಡು ‘ಪ್ಲಸ್’ ಗುರುತು ಇರುತ್ತದೆ. ಶೇ 10ರ ಸೇವಾ ಶುಲ್ಕ ಒಂದು, 2024ರಿಂದ ಶೇ 9 ಆಗಿರುವ ತೆರಿಗೆ ಇನ್ನೊಂದು. ನೂರು ಡಾಲರಿನ ಊಟ ಬಿಲ್ಲಿನಲ್ಲಿ ಸುಮಾರು 120 ಆಗುತ್ತದೆ. ಹೆಸರಾಂತ ಜಾಗಗಳಲ್ಲಿ ಮೊದಲೇ ಮೇಜು ಕಾದಿರಿಸಬೇಕು. ಉಡುಪಿನ ನಿಯಮವನ್ನೂ, ಸಸ್ಯಾಹಾರ ಉಂಟೇ ಎಂಬುದನ್ನೂ ಆಗಲೇ ಕೇಳಿಕೊಳ್ಳುವುದು ಕ್ಷೇಮ.

ಹಿಂದೆ ಆ ಊರಿನ ಕೆಲವು ಬಾಗಿಲುಗಳು ಚರ್ಮದ ಬಣ್ಣ ನೋಡಿ ತೆರೆಯುತ್ತಿದ್ದವು. ಇಂದು ಹಣದ ಚೀಲ ನೋಡಿ ತೆರೆಯುತ್ತವೆ. ಇದು ಸಣ್ಣ ಬದಲಾವಣೆಯಲ್ಲ, ಪೂರ್ಣ ಬದಲಾವಣೆಯೂ ಅಲ್ಲ. ಉಳಿದ ಅರ್ಧವನ್ನು ತುಂಬಿಕೊಡುವುದು ಹಾಕರ್ ಕೇಂದ್ರಗಳು. ಆದರೆ ಅಲ್ಲಿನ ತಟ್ಟೆಯ ಬೆಲೆ ಏರಬಾರದೆಂದು ಗಿರಾಕಿಗಳು ಬಯಸುತ್ತಾರೆ. ಒಲೆಯ ಮುಂದೆ ನಿಂತವರಿಗೆ ವಯಸ್ಸಾಗುತ್ತಿದೆ. ದಿನವಿಡೀ ದುಡಿಯುವ ಆ ಕಸುಬಿಗೆ ಮಕ್ಕಳು ಬರಲು ಹಿಂಜರಿಯುತ್ತಾರೆ. ಹಳೆಯ ಕಟ್ಟಡಗಳನ್ನು ಕಾನೂನು ಮಾಡಿ ಉಳಿಸಿಕೊಂಡ ಊರು ಈ ಕೈಗಳನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂಬುದೇ ಈಗಿನ ಪ್ರಶ್ನೆ. ಸಿಂಗಪುರದಲ್ಲಿ ಒಂದು ಸಂಜೆ ಹಳೆಯ ನ್ಯಾಯಾಲಯದಲ್ಲಿ ಉಂಡವರು ಮರುದಿನ ಮಧ್ಯಾಹ್ನ ಹಾಕರ್ ಕೇಂದ್ರಕ್ಕೂ ಹೋಗಿಬರಬೇಕು. ಅಲ್ಲಿ ಮೇಜು ಕಾದಿರಿಸಲು ಫೋನು ಬೇಡ. ಖಾಲಿ ಜಾಗದಲ್ಲಿ ಒಂದು ಟಿಶ್ಯೂ ಕಾಗದದ ಪೊಟ್ಟಣ ಇಟ್ಟರೆ ಸಾಕು, ಅದು ನಿಮ್ಮದೇ.